ಟ್ರಿಯೆಸ್ಟ್‌ಗೆ ಹೊರಟ ಕಾಫಿ ಕಂಟೇನರ್: ಆಪರೇಷನ್ಸ್ ಪಾಠದಲ್ಲಿ ನನ್ನ ಅನುಭವ

"ಗ್ಲೋಬಲ್ ಅಂದ್ರೆ ಟೊಯೋಟಾ, ಝಾರಾ ಹೇಳ್ಬೇಕು ಮೇಷ್ಟ್ರೇ, ಬಾಳೆಹೊನ್ನೂರಿನ ಕಾಫಿ ಅಲ್ಲ" ಎಂದಿದ್ದರು ಸಹೋದ್ಯೋಗಿಗಳು ಸ್ಟಾಫ್ ರೂಮಿನಲ್ಲಿ, ಸರಕು ತಯಾರಾಗಿ ಗಿರಾಕಿಗೆ ತಲುಪುವ ತನಕದ ಕೆಲಸ ಕಲಿಸುವ ಆಪರೇಷನ್ಸ್ ಪಾಠಕ್ಕೆ ನಾನು ಕಾಫಿಯನ್ನೇ ಉದಾಹರಣೆ ಹಿಡಿದಾಗ. ಆ ದಾರಿಯನ್ನೂ ನೋಡಿ ಆಗಿತ್ತು. ಹೊರದೇಶದ ಕೇಸ್ ಸ್ಟಡಿಗೆ ತಲೆಗೆ ನಾಲ್ಕು ಡಾಲರ್ ಆಸುಪಾಸು. ಅರವತ್ತು ಜನರ ಕ್ಲಾಸಿಗೆ ಇಪ್ಪತ್ತು ಸಾವಿರ ಕೈಬಿಟ್ಟಿತು. ಓದಿದವರು ಏಳೆಂಟು ಮಂದಿ, ಉಳಿದವರು ಅವರ ನೋಟ್ಸ್ ಝೆರಾಕ್ಸ್ ಮಾಡಿಸಿದರು. ಆನ್‌ಲೈನ್ ಅತಿಥಿ ಉಪನ್ಯಾಸದ ಕಥೆ ಬೇಡವೇ ಬೇಡ.

ಈಗ ಮಾಡುವುದು ಇಷ್ಟು: ಕ್ಲಾಸನ್ನು ತಂಡ ಮಾಡಿ ಒಂದು ವ್ಯಾಪಾರದ ಆಟ ಆಡಿಸುತ್ತೇನೆ. 20 ಅಡಿಯ ಕಂಟೇನರ್, 60 ಕೆ.ಜಿ.ಯ 320 ಮೂಟೆ ರೋಬಸ್ಟಾ ಕಾಫಿ, ನವಮಂಗಳೂರು ಬಂದರಿನಿಂದ ಇಟಲಿಯ ಟ್ರಿಯೆಸ್ಟ್‌ಗೆ. ಒಂದು ತಂಡ ಚಿಕ್ಕಮಗಳೂರಿನ ರಫ್ತುದಾರ, ಒಂದು ಹಡಗು ಕಂಪನಿ, ಒಂದು ಕಾಫಿ ಬೀಜ ಕೊಂಡು ಹುರಿಯುವ ಇಟಲಿಯ ರೋಸ್ಟರ್, ಇನ್ನೊಂದು ಅದೇ ಗಿರಾಕಿಯನ್ನು ಸೆಳೆಯಲು ಹೊಂಚುವ ವಿಯೆಟ್ನಾಂ ರಫ್ತುದಾರ. ಇಟಲಿಯವರು ಅಲ್ಲಿನ ಆಫೀಸ್ ವೇಳೆಯಲ್ಲೇ ಉತ್ತರಿಸಬೇಕು. ನಮ್ಮ ಬೆಳಗಿನ ಪ್ರಶ್ನೆಗೆ ಜವಾಬು ಮಧ್ಯಾಹ್ನದ ಮೇಲೆ. ಆಗಸ್ಟ್ ನಡುವೆ ಅವರಿಗೆ ರಜೆ, ಹೊಸವರ್ಷದ ಟೆಟ್ ಹಬ್ಬಕ್ಕೆ ವಿಯೆಟ್ನಾಂ ಬಂದ್. ಲೀಡ್ ಟೈಮ್, ಅಂದರೆ ಆರ್ಡರ್‌ನಿಂದ ಸರಕು ಕೈಸೇರುವ ತನಕದ ಸಮಯದ ಲೆಕ್ಕ ಅಲ್ಲೇ ಅರ್ಧ ತಲೆಕೆಳಗಾಗುತ್ತದೆ.

ಆಮೇಲೆ ಚೀಟಿ ಬಿಡುತ್ತೇನೆ: ಕೆಂಪು ಸಮುದ್ರ ಅಪಾಯ, ಹಡಗು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರ ಸುತ್ತಿ ಬರುತ್ತದೆ. 2023ರ ಕೊನೆಯಿಂದ ಆದದ್ದೂ ಅದೇ. 2024ರಲ್ಲಿ ಲಂಡನ್ ಮಾರುಕಟ್ಟೆಯ ರೋಬಸ್ಟಾ ದರ ಟನ್ನಿಗೆ 5,000 ಡಾಲರ್ ದಾಟಿತ್ತು. ಅಷ್ಟೇ ಹಿಡಿದರೂ ಸರಕು 80 ಲಕ್ಷ ರೂಪಾಯಿ, ಶೇ. 12ರ ಬಡ್ಡಿಯಲ್ಲಿ ಎರಡು ವಾರ ತಡವೆಂದರೆ ಮೂವತ್ತಾರು ಸಾವಿರ ಚಿಲ್ಲರೆ. ಯಾರ ತಲೆಗೆ? "ಎಫ್‌ಒಬಿ, ಹಡಗಿಗೆ ಏರಿಸಿದಲ್ಲಿಗೆ ನಮ್ಮ ಕೆಲಸ ಮುಗೀತು" ಎಂದರು ರಫ್ತುದಾರರು; ಎಫ್‌ಒಬಿ ಎಂದರೆ ಸರಕು ಹಡಗಿಗೇರುವ ತನಕವಷ್ಟೇ ಮಾರುವವನ ಹೊಣೆ. "ಸರಕು ಇಳಿದ ಮೇಲೆ ಹಣ ಅಂತ ಸಹಿ ಹಾಕಿದ್ದು ನೀವೇ ಅಲ್ವಾ?" ಎಂದಿತು ಇಟಲಿ. ಬೆಲ್ ಹೊಡೆದರೂ ಯಾರೂ ಏಳಲಿಲ್ಲ. ಇಂಥ ಹೊಣೆ ಹಂಚುವ ಅಂತರರಾಷ್ಟ್ರೀಯ ವ್ಯಾಪಾರ ಷರತ್ತುಗಳ, ಅಂದರೆ ಇನ್‌ಕೋಟರ್ಮ್ಸ್ ಪಾಠಕ್ಕೆ ಹೀಗೆ ಕೂತ ಕ್ಲಾಸು ನಮ್ಮ ಕಾಲೇಜಿನಲ್ಲಿ ಇನ್ಯಾರದ್ದಿದೆ, ತೋರಿಸಿ! ಚೀಟಿ ಯಾವಾಗ, ಮೊದಲು ಯಾರ ಕೈಗೆ ಎಂಬುದು ಮಾತ್ರ ನನ್ನಲ್ಲೇ ಇರಲಿ.

ನಡುವೆ ಅಂಗಡಿಯಿಂದ ಕಾರ್ಖಾನೆವರೆಗೆ ಆರ್ಡರ್, ದಾಸ್ತಾನು ಹೇಗೆ ಏರಿಳಿಯುತ್ತವೆಂದು ತೋರಿಸುವ ಬಿಯರ್ ಗೇಮ್ ಎಂಬ ತರಗತಿ ಆಟವನ್ನು ಡೈರಿ ಹಾಲಿಗೆ ಹೊಂದಿಸಹೋದೆ. ಹಾಲು ಒಡೆಯುತ್ತದೆ, ದಾಸ್ತಾನು ನಿಲ್ಲುವುದಿಲ್ಲ, ಆಟ ಹಳ್ಳ ಹಿಡಿಯಿತು. ಅಡಿಕೆಗೆ ಬದಲಾಯಿಸಿದರೆ ಮಲೆನಾಡಿನ ಹುಡುಗರು ರೇಟು ಏರಲಿ ಎಂದು ಮಾಲು ಬಿಡದೆ ಕೂತರು.

ಈ ವರ್ಷದ ಖರ್ಚು ಮೂರು ಸಾವಿರದೊಳಗೆ, ಬಹುಪಾಲು ಫಿಲ್ಟರ್ ಕಾಫಿಗೆ. ಕಾಫಿ ಆಟಕ್ಕೆ ಹೊಸದಾಗಿ ಯುರೋಪಿನ ಅರಣ್ಯನಾಶ ನಿಯಮ (ಕಾಡು ಕಡಿದು ಬೆಳೆದ ಸರಕು ಅಲ್ಲಿಗೆ ಬರಬಾರದು ಎಂಬುದು) ಸೇರಿಸಿದ್ದೇನೆ: ನಾಲ್ಕು ಹೆಕ್ಟೇರ್ ಮೀರಿದ ತೋಟಕ್ಕೆ ಗಡಿಯ ಜಿಪಿಎಸ್ ನಕ್ಷೆಯೇ ಬೇಕು. ಕೊಪ್ಪದ ಕಡೆಯ ಇಬ್ಬರು ಅಪ್ಪನ ತೋಟ ಮೊಬೈಲಿನಲ್ಲಿ ಅಳೆದು ತಂದಿದ್ದಾರೆ. ಪಹಣಿಯ ಎಕರೆಗೂ ಅದಕ್ಕೂ ತಾಳೆಯಾಗುತ್ತಿಲ್ಲ. ಇಟಲಿ ತಂಡ ಆ ತೋಟಗಳ ಕಾಫಿ ಲಾಟ್ ತಡೆಹಿಡಿದಿದೆ.