ಬಡಿಯದ ಕೋಶದಲ್ಲೂ ಏರಿತು ಎನ್‌ಪಿಪಿಎ

"ಎಚ್‌9ಸಿ2 ಬಡಿಯುವುದೇ ಇಲ್ಲ, ಅದರಲ್ಲಿ ಎಂತ ಹೈಪರ್‌ಟ್ರೋಫಿ ನೋಡುವುದು?" ಎಂದವರೇ ಹೆಚ್ಚು. ಎಚ್‌9ಸಿ2 ಅಂದರೆ ಇಲಿ ಭ್ರೂಣದ ಹೃದಯದಿಂದ ಬಂದು ತಟ್ಟೆಯಲ್ಲಿ ಬೆಳೆಯುತ್ತಲೇ ಇರುವ ಕೋಶ; ಹೈಪರ್‌ಟ್ರೋಫಿ ಅಂದರೆ ಹೃದಯದ ಕೋಶ ಉಬ್ಬುವುದು. ಬಡಿಯುವುದಿಲ್ಲ, ಒಪ್ಪಿದೆ. ಆದರೆ ವಾರ ವಾರ ಇಲಿಮರಿಗಳ ಹೃದಯ ಬಿಡಿಸಿ ಕೋಶ ತೆಗೆಯುವುದು ಕಾಸರಗೋಡಿನಲ್ಲಿ ಕೂತು ನಮ್ಮ ದುಡ್ಡಿಗೆ ಆಗುವ ಮಾತಲ್ಲ. ಈಗ ಹೃದಯ ಕೆರಳಿಸುವ ಔಷಧಿ ಐಸೊಪ್ರೊಟೆರೆನಾಲ್ 10 ಮೈಕ್ರೋಮೋಲಾರ್, 48 ಗಂಟೆ: ಹೈಪರ್‌ಟ್ರೋಫಿಯ ಗುರುತಾದ ಜೀನ್‌ಗಳಲ್ಲಿ ಎನ್‌ಪಿಪಿಎ ಮೂರು ಪಟ್ಟು, ಎನ್‌ಪಿಪಿಬಿ ನಾಲ್ಕರ ಹತ್ತಿರ. ಪ್ರತಿ ಸಲವೂ.

ಮೊದಲ ಆರೇಳು ಸುತ್ತು ನೀರಿನಲ್ಲಿ ಹೋಮ. ಕಾರಣ ಸೀರಮ್, ಅಂದರೆ ಕೋಶದ ಆಹಾರಕ್ಕೆ ಬೆರೆಸುವ ಪ್ರಾಣಿರಕ್ತದ ತಿಳಿ. ಶೇ. 10ರಲ್ಲಿ ಇಟ್ಟರೆ ಔಷಧಿ ಹಾಕದ ಕಂಟ್ರೋಲ್ ಕೋಶವೇ ಆಗಲೇ ಉಬ್ಬಿರುತ್ತದೆ, ಔಷಧಿ ಇನ್ನೇನು ಏರಿಸೀತು? ಪೂರ್ತಿ ತೆಗೆದರೆ ಕೋಶ ಎದ್ದು ತೇಲುತ್ತದೆ. ಶೇ. 0.5ರಲ್ಲಿ 24 ಗಂಟೆ ಇಟ್ಟು ಆಮೇಲೆ ಔಷಧಿ. ತಟ್ಟೆ ಶೇ. 60 ತುಂಬಿದಾಗಲೇ ಶುರು ಮಾಡಬೇಕು. ಒತ್ತೊತ್ತಾದರೆ ಒಂದಕ್ಕೊಂದು ಬೆಸೆದು ಸ್ನಾಯುವಿನ ಎಳೆಯಂಥ ಮಯೊಟ್ಯೂಬ್ ಆಗಿಬಿಡುತ್ತವೆ. ಐಸೊಪ್ರೊಟೆರೆನಾಲ್ ದ್ರಾವಣ ನಸುಗೆಂಪಾಯಿತೋ, ಚೆಲ್ಲಿ. 100 ಮೈಕ್ರೋಮೋಲಾರ್ ಆಸ್ಕಾರ್ಬಿಕ್ ಆಮ್ಲ ಹಾಕಿದರೆ ತಡೆಯುತ್ತದೆ. ಕಂಟ್ರೋಲ್ ಬಾವಿಗೂ (ತಟ್ಟೆಯ ಗುಳಿ) ಅಷ್ಟೇ ಹಾಕಲು ಮರೆಯಬೇಡಿ.

ಎರಡನೇ ಹೊಡೆತ ಜಿಎಪಿಡಿಎಚ್‌ನದು. ಜೀನ್ ಅಳೆಯುವ ಕ್ಯೂಪಿಸಿಆರ್‌ನಲ್ಲಿ ಏರಿಳಿಯದೆ ಅಳತೆಗೋಲಾಗಬೇಕಾದ ರೆಫರೆನ್ಸ್ ಜೀನ್ ಅದು; ಎಷ್ಟು ಮುಂಚಿನ ಸೈಕಲ್‌ಗೆ ಕಂಡಿತೋ ಅಷ್ಟು ಹೆಚ್ಚು ಇದೆ ಎಂದರ್ಥ, ಒಂದು ಸೈಕಲ್ ಅಂದರೆ ಎರಡು ಪಟ್ಟು. ಔಷಧಿ ಹಾಕಿದ ಬಾವಿಯಲ್ಲಿ ಅದೇ ಒಂದು ಸೈಕಲ್ ಮುಂಚೆ ಬರುತ್ತಿತ್ತು. ಎನ್‌ಪಿಪಿಎ ಏರಿಕೆಯಲ್ಲಿ ಅರ್ಧ ಅಲ್ಲೇ ಮಾಯ. ಇನ್ನೊಂದು ರೆಫರೆನ್ಸ್ 18ಎಸ್ ಎಂಟೊಂಬತ್ತನೇ ಸೈಕಲ್‌ಗೇ ಬರುತ್ತದೆ, ಮೂವತ್ತರ ಆಸುಪಾಸಿನ ಜೀನ್‌ಗೆ ಅದು ಜೋಡಿಯಲ್ಲ. ಈಗ ಅಳತೆಗೋಲು ಎಚ್‌ಪಿಆರ್‌ಟಿ1, ಆರ್‌ಪಿಎಲ್32 ಜೀನ್ ಎರಡರ ಸಿಟಿ (ಕಾಣಿಸಿಕೊಳ್ಳುವ ಸೈಕಲ್) ಸರಾಸರಿ. ಎನ್‌ಪಿಪಿಎ ಇಂಟ್ರಾನ್‌ಗಳು (ಆರ್‌ಎನ್‌ಎಯಿಂದ ಕತ್ತರಿಸಿ ಹೋಗುವ ತುಂಡು) ಪುಟ್ಟವು, ಜೀನ್ ಹಿಡಿಯುವ ಡಿಎನ್‌ಎ ಎಳೆ ಪ್ರೈಮರ್ ಅವುಗಳ ಆಚೀಚೆ ಕೂತರೂ ಜೀನೋಮಿಕ್ ಡಿಎನ್‌ಎ ನುಸುಳುತ್ತದೆ. ಡಿಎನ್‌ಎ ಕಡಿಯುವ ಡಿಎನ್‌ಏಸ್ ತಪ್ಪಿಸಬೇಡಿ, ಆರ್‌ಟಿ (ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸುವ ಎಂಜೈಮ್) ಹಾಕದ ಬಾವಿ ಏಳು ಸೈಕಲ್‌ ಆದರೂ ಹಿಂದೆ ಇರಲಿ.

ದುಡ್ಡು ನುಂಗುವುದು ಸೀರಮ್, ಬಾಟಲಿಗೆ ನಲವತ್ತು ಸಾವಿರದ ಹತ್ತಿರ. ಕ್ಯೂಪಿಸಿಆರ್ 20 ಮೈಕ್ರೋಲೀಟರ್ ಬದಲು 10ಕ್ಕೆ ಇಳಿಸಿದೆ, ಮಿಕ್ಸ್ ಖರ್ಚು ಅರ್ಧ. 5ಕ್ಕೆ ಇಳಿಸಿದರೆ ಒಂದೇ ಮಾದರಿಯ ಮೂರು ಬಾವಿ ಮೂರು ದಾರಿ. ಆರ್‌ಎನ್‌ಎ ತೆಗೆಯುವ ಟ್ರೈಜಾಲ್ ಬಾವಿಗೆ ಅರ್ಧ ಎಂಎಲ್ ಸಾಕು, ಆರ್‌ಎನ್‌ಎ ತಳಕ್ಕಿಳಿಯಲು ಗ್ಲೈಕೋಜೆನ್ ಒಂದು ಹನಿ ಬೇಕು. ಶೇ. 75ರ ಎಥನಾಲ್‌ನಲ್ಲಿ ಎರಡು ಸಲ ತೊಳೆಯದಿದ್ದರೆ ಶುದ್ಧತೆ ಹೇಳುವ 260/230 ಅನುಪಾತ ಒಂದರ ಕೆಳಗೆ ಬಿದ್ದು ಆರ್‌ಟಿ ಮುಷ್ಕರ ಹೂಡುತ್ತದೆ.

ಮಳೆಗಾಲದಲ್ಲಿ ಶಿರಾಡಿ ಘಾಟಿ ಮುಚ್ಚಿದರೆ ಬೆಂಗಳೂರಿನ ಪಾರ್ಸೆಲ್ ಎರಡು ದಿನ ದಾರಿಯಲ್ಲಿ, ಐಸ್ ನೀರು. ಅಂಥ ಆರ್‌ಟಿ ಎಂಜೈಮ್ ಹಾಕಿದ ತಟ್ಟೆಯಲ್ಲಿ ರೆಫರೆನ್ಸ್ ಜೀನ್ ಸಹಿತ ಎಲ್ಲವೂ ಮೂರು ಸೈಕಲ್ ಹಿಂದೆ. ಹಾಗೆ ಕಂಡರೆ ಔಷಧಿಯನ್ನು ಬೈಯಬೇಡಿ. ಎಂಜೈಮ್ ಮೇ ತಿಂಗಳೊಳಗೆ ತರಿಸಿಬಿಡಿ.

ಹೃದಯಸ್ನಾಯುವಿನ ಮಯೋಸಿನ್ ಜೀನ್‌ಗಳಾದ ಎಂವೈಎಚ್7–ಎಂವೈಎಚ್6 ಅನುಪಾತ ಹಾಕಲು ಹೋಗಬೇಡಿ, ಈ ಕೋಶದಲ್ಲಿ ಎಂವೈಎಚ್6 ಮೂವತ್ತೈದನೇ ಸೈಕಲ್‌ನ ಆಚೆ, ಇಲ್ಲವೆನ್ನುವಷ್ಟೇ. ಕ್ಯಾಲ್ಸಿನ್ಯೂರಿನ್ ತಡೆಯುವ ಸೈಕ್ಲೋಸ್ಪೊರಿನ್ ಎ ಒಂದು ಮೈಕ್ರೋಮೋಲಾರ್ ಮೊದಲೇ ಕೊಟ್ಟೆ, ಏರಿಕೆ ಮುಕ್ಕಾಲು ಇಳಿಯಿತು. ಹೈಪರ್‌ಟ್ರೋಫಿಯ ಸಂಕೇತ ಸಾಗುವ ಕ್ಯಾಲ್ಸಿನ್ಯೂರಿನ್–ಎನ್‌ಫ್ಯಾಟ್ ದಾರಿ ಈ ಬಡಿಯದ ಕೋಶದಲ್ಲೂ ಇದೆ ಎಂದಾಯಿತು. ಟ್ರೈಕೋಸ್ಟಾಟಿನ್ ಎಂಬ ಔಷಧಿ ಹಿಸ್ಟೋನ್ (ಡಿಎನ್‌ಎ ಸುತ್ತಿಕೊಳ್ಳುವ ಪ್ರೋಟೀನ್) ಸಡಿಲಿಸಿ ಎನ್‌ಪಿಪಿಎಯನ್ನು ಇನ್ನೂ ಏರಿಸುತ್ತದೆ ಎಂದುಕೊಂಡರೆ, ಅದೂ ಇಳಿಸಿತು. 50 ನ್ಯಾನೋಮೋಲಾರ್ ದಾಟಿದರೆ ಕೋಶ ಸತ್ತು ತಟ್ಟೆ ಖಾಲಿ.