ಕಣ ಹಾಕಿಸಿದ್ದು, ಜಲ್ಲಿ ಮರೆತಿದ್ದು

ಚಿಕ್ಕಮಗಳೂರಿನ ಆಲ್ದೂರು ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ. ಊರಿಗೆ ವಾಪಸ್ ಬರೋ ಮುಂಚೆ ಬೆಂಗಳೂರಲ್ಲಿ ಆರು ವರ್ಷ ಪ್ರಾಜೆಕ್ಟ್ ಮ್ಯಾನೇಜರ್ ಆಗಿದ್ದೆ. ಕಾಫಿ ಹಣ್ಣು ಒಣಗಿಸೋಕೆ ಒಂದು ಸಿಮೆಂಟ್ ಕಣ ಹಾಕಿಸೋದು ಏನು ಮಹಾ ಅಂದುಕೊಂಡಿದ್ದೆ. "ಕೊಯ್ಲಿಗೆ ಮುಂಚೆ ಒಳ್ಳೆ ಕಣ ಆಗ್ಬೇಕು" ಅಂತ ಮನೆಯಲ್ಲಿ ಹೇಳಿದೆ. "ಒಳ್ಳೆ ಕಣ ಅಂದ್ರೆ ಎಷ್ಟು ಹಣ್ಣು ಹಿಡಿಯೋ ಕಣ?" ಅಂತ ಅಪ್ಪ ಕೇಳಿದರು. ನನ್ನ ಹತ್ರ ಉತ್ತರ ಇರಲಿಲ್ಲ.

ಕೂತು ಲೆಕ್ಕ ಹಾಕಿದೆವು. ಕೊಯ್ಲು ಜೋರಾದಾಗ ದಿನಕ್ಕೆ ಸುಮಾರು 600 ಕೆಜಿ ಹಣ್ಣು ಬರುತ್ತೆ, ಬಿಸಿಲು ಚೆನ್ನಾಗಿದ್ದರೂ ಒಣಗೋಕೆ 15 ದಿನ ಬೇಕು, ಅಂದ್ರೆ ಒಂದೇ ಸಲಕ್ಕೆ 9 ಟನ್ ಕಣದ ಮೇಲಿರುತ್ತೆ, ಅದನ್ನ ಮೂರು ಇಂಚಿಗಿಂತ ದಪ್ಪ ಹರವಿದರೆ ಬೂಸ್ಟು ಗ್ಯಾರಂಟಿ. ಹೀಗೆ 40 ಅಡಿ ಅಗಲ, 60 ಅಡಿ ಉದ್ದ ಅಂತ ಬಂತು. ಚಿಕ್ಕಪ್ಪ ಪಕ್ಕದಲ್ಲೇ ಒಂದು ಗೋಡೌನೂ ಆಗ್ಲಿ ಅಂದರು. ಈ ವರ್ಷ ಇಲ್ಲ ಅಂತ ಅದನ್ನೂ ಬರೆದಿಟ್ಟೆ. ಮಾಡದೇ ಇರೋದನ್ನ ಬರೆದಿಡದಿದ್ದರೆ ಅದು ಹಿಂಬಾಗಿಲಿಂದ ಒಳಗೆ ಬರುತ್ತೆ, ಇದು ಬೆಂಗಳೂರಲ್ಲಿ ಕಲಿತ ಪಾಠ.

ದಿನಾಂಕವನ್ನ ಹಿಂದಿನಿಂದ ಎಣಿಸಿದೆ. ನವೆಂಬರ್ 25ಕ್ಕೆ ಹಣ್ಣು ಕಣಕ್ಕೆ ಬೀಳಬೇಕು. ಕಾಂಕ್ರೀಟ್ ಚೆನ್ನಾಗಿ ಗಟ್ಟಿಯಾಗೋಕೆ 28 ದಿನ. ನಮ್ಮ ಕಡೆ ಅಕ್ಟೋಬರ್ ಮಳೆ ನಂಬೋ ಹಾಗಿಲ್ಲ, ಅದಕ್ಕೆ ಹತ್ತು ದಿನ, ಹಾಕೋ ಕೆಲಸಕ್ಕೆ ಮೂರು ದಿನ ಬಿಟ್ಟು 15ಕ್ಕೆ ಕಾಂಕ್ರೀಟ್ ಶುರು ಅಂತ ಗೊತ್ತು ಮಾಡಿದೆ.

15ರ ಬೆಳಗ್ಗೆ ಸಿಮೆಂಟ್ ಬಂದಿತ್ತು, ಮಿಕ್ಸರ್ ಬಂದಿತ್ತು, ಮೇಸ್ತ್ರಿ ಎಂಟು ಜನರನ್ನ ಕರ್ಕೊಂಡು ಬಂದು ಬೀಡಿ ಹಚ್ಚಿದ್ದರು. ಜಲ್ಲಿ ಮಾತ್ರ ಇರಲಿಲ್ಲ. ತೋಟದ ಲೆಕ್ಕಪತ್ರ, ಆಳುಗಳನ್ನ ನೋಡ್ಕೊಳ್ಳೋ ರೈಟರ್‌ನ ಕೇಳಿದರೆ "ಮೇಸ್ತ್ರಿ ತರಿಸ್ತಾರೆ ಅಂದ್ಕೊಂಡಿದ್ದೆ ಅಣ್ಣ" ಅಂದ. ಮೇಸ್ತ್ರಿ "ನೀವೇ ತರಿಸ್ತೀರಾ ಅಂತ ಸುಮ್ನಿದ್ದೆ ಸಾರ್" ಅಂದರು. ಚೀಟಿ ತೆಗೆದು ನೋಡಿದೆ. 'ಜಲ್ಲಿ, ಅಕ್ಟೋಬರ್ 10' ಅಂತಿತ್ತು, ಅಷ್ಟೇ.

ನಾಚಿಕೆ ಆಗಿದ್ದು ಯಾಕೆ ಗೊತ್ತಾ? 1981ರಲ್ಲಿ ಜಾರ್ಜ್ ಡೋರನ್ ಅನ್ನೋ ಮ್ಯಾನೇಜ್‌ಮೆಂಟ್ ಸಲಹೆಗಾರರು ಗುರಿ ಹೇಗೆ ಬರೀಬೇಕು ಅಂತ 'ಸ್ಮಾರ್ಟ್' (SMART) ಸೂತ್ರ ಕೊಟ್ಟರು, ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಒಂದೊಂದು ಮಾತು. ಅದರಲ್ಲಿ 'ಎ' ಅಂದ್ರೆ ಅಚೀವಬಲ್, ಸಾಧಿಸೋಕೆ ಆಗುವಂಥದ್ದು ಅಂತ ನಾನೇ ಎಷ್ಟು ಸಲ ಟ್ರೈನಿಂಗ್ ಕೊಟ್ಟಿದ್ದೀನೋ. ಡೋರನ್ ಬರೆದಿದ್ದು ಅಸೈನಬಲ್, ಅಂದ್ರೆ ಇದನ್ನ ಮಾಡೋರು ಯಾರು ಅಂತ. ನನ್ನ ಚೀಟಿಯಲ್ಲಿ ಅಳತೆ ಇತ್ತು, ತಾರೀಕು ಇತ್ತು, ಹೆಸರು ಇರಲಿಲ್ಲ.

ಅವತ್ತೇ ಹಳೇ ಕ್ಯಾಲೆಂಡರ್ ಹಿಂದೆ ಸ್ಕೆಚ್ ಪೆನ್ನಲ್ಲಿ ಬರೆದು ಪಲ್ಪರ್ ಮನೆ (ಕಾಫಿ ಹಣ್ಣಿನ ಸಿಪ್ಪೆ ತೆಗೆಯೋ ಮೆಷಿನ್ ಇರೋ ಜಾಗ) ಗೋಡೆಗೆ ಅಂಟಿಸಿದೆ. ಒಂದು ಸಾಲಿಗೆ ಒಂದೇ ಹೆಸರು. ಮರಳು ರೈಟರ್, ಮಟ್ಟ ನೋಡೋದು ಮೇಸ್ತ್ರಿ, ಕ್ಯೂರಿಂಗ್ ನೀರು, ಅಂದ್ರೆ ಹೊಸ ಕಾಂಕ್ರೀಟ್ ಒಣಗದ ಹಾಗೆ ನೀರು ಹಾಕೋದು, ಅಪ್ಪ. ಇಬ್ಬರ ಹೆಸರು ಹಾಕಿದರೆ ಯಾರೂ ಮಾಡಲ್ಲ, ಅದು ಆಫೀಸಲ್ಲೂ ಅಷ್ಟೇ, ತೋಟದಲ್ಲೂ ಅಷ್ಟೇ.

ಜಲ್ಲಿ ಬರೋಷ್ಟರಲ್ಲಿ ಮಳೆ ಹಿಡೀತು. ಕಾಂಕ್ರೀಟ್ ಮುಗಿದಿದ್ದು ನವೆಂಬರ್ 4ಕ್ಕೆ. ಫ್ಲೈ ಪಿಕ್ಕಿಂಗ್ ಹಣ್ಣನ್ನ, ಅಂದ್ರೆ ಎಲ್ಲಕ್ಕಿಂತ ಮೊದಲು ಹಣ್ಣಾಗಿ ಆರಿಸಿ ಕೊಯ್ದಿದ್ದನ್ನ, ಹಳೇ ಮಣ್ಣಿನ ಕಣದಲ್ಲೇ ಟಾರ್ಪಾಲ್ ಹಾಸಿ ಒಣಗಿಸಿದೆವು. ಡಿಸೆಂಬರ್ 2ಕ್ಕೆ ಹೊಸ ಕಣದಲ್ಲಿ ಹಣ್ಣು ಹರವಿದೆವು. ಒಂದು ವಾರ ತಡ, ಪರವಾಗಿಲ್ಲ.

ಇನ್ನೊಂದು ಎಡವಟ್ಟು ಗೊತ್ತಾಗಿದ್ದು ಜೂನ್‌ನಲ್ಲಿ. ಕಣಕ್ಕೆ ಇಳಿಜಾರು ಇರಬೇಕು ಅಂತ ಬರೆದಿದ್ದೆ, ನೀರು ಎಲ್ಲಿಗೆ ಹೋಗ್ಬೇಕು ಅಂತ ಬರೆದಿರಲಿಲ್ಲ. ಅಷ್ಟೂ ಮಳೆ ನೀರು ಸೀದಾ ಅಪ್ಪನ ಮೆಣಸಿನ ಬಳ್ಳಿ ಬುಡಕ್ಕೆ. ನೀರು ನಿಂತರೆ ಮೆಣಸಿಗೆ ಸೊರಗು ರೋಗ ಬರುತ್ತೆ ಅಂತ ಅವರು ದಿನಾ ನೆನಪಿಸ್ತಾರೆ. ಈಗ ಗೋಡೆ ಮೇಲೆ 'ಚರಂಡಿ' ಅಂತ ಹೊಸ ಸಾಲು ಬಂದಿದೆ. ಅಪ್ಪನೇ ಬರೆದಿದ್ದು. ಹೆಸರು ನಂದು.