ಇಂಗ್ಲೆಂಡಿನ ಹಳ್ಳಿಯ ಪಬ್ಬಿನಲ್ಲಿ ಊಟ, ರಾತ್ರಿಯ ವಾಸ: ಮೊದಲ ಸಲ ಹೋಗುವವರಿಗೆ

ಊರಿನಿಂದ ಬಂದ ತಂದೆತಾಯಿಗಳಿಗೆ ಲಂಡನ್ ತೋರಿಸಿದ ಮೇಲೆ ಉತ್ತರ ಇಂಗ್ಲೆಂಡಿನ ಗುಡ್ಡಗಾಡು ಪ್ರದೇಶಗಳಾದ ಯಾರ್ಕ್‌ಷೈರ್ ಡೇಲ್ಸ್‌ಗೋ ಲೇಕ್ ಡಿಸ್ಟ್ರಿಕ್ಟ್‌ಗೋ ಎರಡು ದಿನದ ಮಟ್ಟಿಗೆ ಕರೆದೊಯ್ಯುವ ಕನ್ನಡಿಗರು ಬ್ರಿಟನ್ನಿನಲ್ಲಿ ಅನೇಕರಿದ್ದಾರೆ. ರಾತ್ರಿ ತಂಗಲು ಹೆದ್ದಾರಿಯ ಪಕ್ಕದ ಹೋಟೆಲನ್ನೇ ಹುಡುಕುವುದು ಅವರ ರೂಢಿ. ಪಬ್ ಎಂದೊಡನೆ ಬೆಂಗಳೂರಿನ ಮಬ್ಬುಗತ್ತಲೆ, ಅಬ್ಬರದ ಸಂಗೀತ ನೆನಪಾಗಿ, ಹಿರಿಯರನ್ನು ಅಂಥ ಕಡೆ ಹೇಗೆ ಉಳಿಸುವುದು ಎಂದು ಹಿಂಜರಿಯುತ್ತಾರೆ. ಇಂಗ್ಲೆಂಡಿನ ಹಳ್ಳಿಯ ಪಬ್ಬಿನ ರೀತಿಯೇ ಬೇರೆ. ಅಲ್ಲಿ ಮುದುಕರು ಪತ್ರಿಕೆ ಓದುತ್ತ ಕುಳಿತಿರುತ್ತಾರೆ, ಮಕ್ಕಳು ಊಟ ಮಾಡುತ್ತಿರುತ್ತಾರೆ, ಅಗ್ಗಿಷ್ಟಿಕೆಯ ಮುಂದೆ ಯಾರದೋ ನಾಯಿ ಮಲಗಿರುತ್ತದೆ. ಸಾರೋಟುಗಳ ಕಾಲದಲ್ಲಿ ಪ್ರಯಾಣಿಕರಿಗೆ ಊಟ ಮತ್ತು ಹಾಸಿಗೆಯನ್ನು, ಕುದುರೆಗಳಿಗೆ ಲಾಯವನ್ನು ಒದಗಿಸುತ್ತಿದ್ದ ಮನೆಗಳು ಇವುಗಳಲ್ಲಿ ಎಷ್ಟೋ ಇವೆ. ಸಾರೋಟು ಅಂಗಳಕ್ಕೆ ನುಗ್ಗುವಷ್ಟು ಎತ್ತರದ ಕಮಾನು ಈಗಲೂ ಕೆಲವಕ್ಕೆ ಉಳಿದಿದೆ. ಊರ ಚಾವಡಿಯನ್ನೂ ದಾರಿಹೋಕರ ಛತ್ರವನ್ನೂ ಒಂದೇ ಸೂರಿನಡಿ ಇಟ್ಟಂತಿರುವ ಈ ಮನೆಗಳಲ್ಲಿ ಒಂದು ರಾತ್ರಿಯಾದರೂ ಉಳಿಯಬೇಕೆಂಬುದು ನನ್ನ ಬಲವಾದ ಅಭಿಪ್ರಾಯ. ಆದರೆ ಅವನ್ನು ಹೋಟೆಲು ಎಂದುಕೊಂಡು ಹೋಗಬಾರದು. ಕೆಲವೇ ಕೋಣೆಗಳು, ಬೆರಳೆಣಿಕೆಯ ಕೆಲಸಗಾರರು, ಒಂದು ಸಣ್ಣ ಅಡುಗೆಮನೆ ಇರುವ ಸ್ಥಳ ಅದು; ಉಳಿದೆಲ್ಲವೂ ಆ ಅಡುಗೆಮನೆಯ ಗಡಿಯಾರಕ್ಕೆ ಹೊಂದಿಕೊಂಡೇ ನಡೆಯುತ್ತದೆ.

ಹೆಸರಿನಲ್ಲಿ ‘ಇನ್’ (ತಂಗುಮನೆ) ಎಂದಿದ್ದ ಮಾತ್ರಕ್ಕೆ ಕೋಣೆಗಳಿರುತ್ತವೆ ಎಂದು ನಂಬುವಂತಿಲ್ಲ, ವಿಚಾರಿಸಿಯೇ ಹೊರಡಬೇಕು. ‘ಫ್ರೀ ಹೌಸ್’ ಎಂಬ ಫಲಕವೂ ಹೊಸಬರನ್ನು ಗಲಿಬಿಲಿಗೊಳಿಸುತ್ತದೆ. ಆ ಪಬ್ ಯಾವುದೇ ಒಂದು ಬಿಯರ್ ತಯಾರಕ ಕಂಪನಿಗೆ ಕಟ್ಟುಬಿದ್ದಿಲ್ಲ, ತನಗೆ ಬೇಕಾದ ಕಡೆಯಿಂದ ಮದ್ಯ ತರಿಸಿಕೊಳ್ಳುತ್ತದೆ ಎಂಬುದಷ್ಟೇ ಅದರ ಅರ್ಥ. ಕೋಣೆ ಕಾಯ್ದಿರಿಸುವಾಗ ಫೋನ್ ಮಾಡಿ ಮಾತನಾಡುವುದು ಉತ್ತಮ, ಏಕೆಂದರೆ ಕೇಳಬೇಕಾದ ಪ್ರಶ್ನೆಗಳು ಕೆಲವಿರುತ್ತವೆ: ಕೋಣೆ ಬಾರಿನ ನೇರ ಮೇಲಿದೆಯೇ ಅಥವಾ ಹಿಂದಿನ ಲಾಯವನ್ನು ಮಾರ್ಪಡಿಸಿದ ಕಟ್ಟಡದಲ್ಲಿದೆಯೇ, ಸ್ನಾನದ ಮನೆ ಕೋಣೆಗೆ ಸೇರಿದ್ದೇ, ಮೆಟ್ಟಿಲು ಎಷ್ಟು ಕಡಿದಾಗಿದೆ. ಹಳೆಯ ಕಟ್ಟಡಗಳಲ್ಲಿ ಲಿಫ್ಟ್ ಇರುವುದು ಅಪರೂಪ. ಮಂಡಿನೋವಿರುವ ತಾಯಿಗೆ ಇಕ್ಕಟ್ಟಿನ ಮರದ ಮೆಟ್ಟಿಲು ಹತ್ತುವುದೇ ಶಿಕ್ಷೆಯಾಗಬಹುದು. ಬೇಸಿಗೆಯ ವಾರಾಂತ್ಯದಲ್ಲಿ ಕನಿಷ್ಠ ಎರಡು ರಾತ್ರಿ ಉಳಿಯಬೇಕೆಂಬ ಷರತ್ತನ್ನು ಕೆಲವರು ಹಾಕುತ್ತಾರೆ. ಕೋಣೆಯ ಜೊತೆಗೇ ರಾತ್ರಿಯ ಊಟದ ಮೇಜನ್ನೂ ಕಾಯ್ದಿರಿಸಿ. ಕೋಣೆ ಕೊಟ್ಟವರು ಊಟಕ್ಕೂ ಜಾಗ ಇಟ್ಟಿರುತ್ತಾರೆ ಎಂದುಕೊಳ್ಳಬೇಡಿ, ಶನಿವಾರವಂತೂ ಊರವರೇ ಮೇಜುಗಳನ್ನು ತುಂಬಿಬಿಡುತ್ತಾರೆ.

ಸಮಯದ ವಿಷಯವನ್ನು ಒತ್ತಿ ಹೇಳಬೇಕು. ಮಧ್ಯಾಹ್ನದ ಊಟ ಸಾಮಾನ್ಯವಾಗಿ ಹನ್ನೆರಡರಿಂದ ಎರಡು, ಎರಡೂವರೆ ಗಂಟೆಯವರೆಗೆ. ರಾತ್ರಿಯದು ಆರರಿಂದ ಎಂಟೂವರೆ, ಒಂಬತ್ತರವರೆಗೆ. ಬಾರ್ ಹನ್ನೊಂದರವರೆಗೆ ತೆರೆದಿದ್ದರೂ ಅಡುಗೆಮನೆ ಒಮ್ಮೆ ಮುಚ್ಚಿದರೆ ಮುಚ್ಚಿದಂತೆಯೇ. ಭಾನುವಾರ ಮಧ್ಯಾಹ್ನ ಹುರಿದ ಮಾಂಸದ ದೊಡ್ಡ ಊಟ ನಡೆದು, ಸಂಜೆ ಅಡುಗೆಯೇ ಇಲ್ಲದ ಪಬ್ಬುಗಳು ಬಹಳ. ಸೋಮವಾರ ಪೂರ್ತಿ ರಜೆ ಮಾಡುವವೂ ಇವೆ. ಇದು ಗೊತ್ತಿಲ್ಲದೆ ಒಂದು ಭಾನುವಾರ ಸಂಜೆ ಏಳು ಗಂಟೆಗೆ ನನ್ನ ಅತ್ತೆ ಮಾವನವರೊಡನೆ ಹಳ್ಳಿಯೊಂದನ್ನು ತಲುಪಿದ್ದೆವು. ಕೋಣೆ ಬೆಚ್ಚಗಿತ್ತು, ಅಡುಗೆ ಮಾತ್ರ ಇರಲಿಲ್ಲ. ಆಲೂಗಡ್ಡೆ ಚಿಪ್ಸಿನ ನಾಲ್ಕು ಪೊಟ್ಟಣ, ಉಪ್ಪು ಹಚ್ಚಿದ ಕಡಲೆಬೀಜ ಕೊಂಡುಕೊಂಡು, ಅತ್ತೆ ಚೀಲದಲ್ಲಿಟ್ಟಿದ್ದ ಚಪಾತಿ, ಚಟ್ನಿಪುಡಿಯೊಡನೆ ಕೋಣೆಯಲ್ಲಿ ಕುಳಿತು ತಿಂದೆವು. ಪಕ್ಕದ ಊರಿಗೆ ಹೋಗೋಣವೆಂದರೆ ಭಾನುವಾರ ಬಸ್ಸಿಲ್ಲ, ಟ್ಯಾಕ್ಸಿಯನ್ನು ಮೊದಲೇ ಹೇಳಿಟ್ಟಿರಬೇಕು. ಅಂದಿನಿಂದ ನಾನು ಹೊರಡುವ ಮುನ್ನ ಕೇಳುವ ಮೊದಲ ಪ್ರಶ್ನೆ, “ಆ ದಿನ ಅಡುಗೆ ಎಷ್ಟು ಗಂಟೆಯವರೆಗೆ?” ಎಂಬುದೇ ಆಗಿದೆ.

ಚಳಿಗಾಲದಲ್ಲಿ ಎತ್ತರದ ಪ್ರದೇಶಕ್ಕೆ ಹೋಗುವವರು ಹವಾಮಾನವನ್ನೂ ನೋಡಿಕೊಳ್ಳಬೇಕು. ಸಮುದ್ರ ಮಟ್ಟದಿಂದ 1,732 ಅಡಿ ಎತ್ತರದಲ್ಲಿರುವ, ಬ್ರಿಟನ್ನಿನಲ್ಲೇ ಅತ್ಯಂತ ಎತ್ತರದ ಪಬ್ ಎನಿಸಿದ ಯಾರ್ಕ್‌ಷೈರ್ ಡೇಲ್ಸ್‌ನ ಟ್ಯಾನ್ ಹಿಲ್ ಇನ್‌ನಲ್ಲಿ 2021ರ ನವೆಂಬರಿನ ಅರ್ವೆನ್ ಬಿರುಗಾಳಿಯ ಹಿಮಕ್ಕೆ ಸಿಕ್ಕ ಹತ್ತಾರು ಮಂದಿ ಮೂರು ರಾತ್ರಿ ಅಲ್ಲಿಯೇ ಉಳಿಯಬೇಕಾಯಿತು.

ಕೋಣೆಗಳು ಸಾಮಾನ್ಯವಾಗಿ ಮೂರು ಗಂಟೆಯ ನಂತರ ಸಿಗುತ್ತವೆ. ಸ್ವಾಗತದ ಮೇಜು ಬೇರೆ ಇರುವುದಿಲ್ಲ. ನೇರವಾಗಿ ಬಾರಿನ ಕೌಂಟರಿಗೆ ಹೋಗಿ ಹೆಸರು ಹೇಳಿದರೆ ಬೀಗದ ಕೈ ಕೊಡುತ್ತಾರೆ. ನಡಿಗೆ ಮುಗಿಸಿ ಬಂದಿದ್ದರೆ ಕೆಸರಿನ ಬೂಟುಗಳನ್ನು ಬಾಗಿಲಲ್ಲೇ ಬಿಡಿ. ಬಾಗಿಲ ಮೇಲಿನ ತೊಲೆಗಳು ಎಷ್ಟೋ ಕಡೆ ನಿಮ್ಮ ಹಣೆಯ ಮಟ್ಟಕ್ಕೇ ಇರುತ್ತವೆ, ಎತ್ತರದವರು ಬಗ್ಗಿ ನಡೆಯಬೇಕು. ಕೋಣೆಯ ತಟ್ಟೆಯೊಂದರಲ್ಲಿ ಕೆಟಲ್, ಚಹಾದ ಪೊಟ್ಟಣಗಳು, ಹೆಬ್ಬೆರಳಿನ ಗಾತ್ರದ ಹಾಲಿನ ಡಬ್ಬಿಗಳು ಇರುತ್ತವೆ. ನಮ್ಮ ಅಳತೆಯ ಚಹಾಕ್ಕೆ ಅಂಥ ನಾಲ್ಕೈದು ಡಬ್ಬಿ ಬೇಕಾಗುವುದರಿಂದ, ಕೆಳಗೆ ಕೇಳಿ ಒಂದು ಸಣ್ಣ ಜಗ್ ಹಾಲು ತರಿಸಿಕೊಳ್ಳುವುದು ಒಳ್ಳೆಯದು. ನಾನು ಕೇಳಿದಾಗ ಯಾರೂ ಇಲ್ಲವೆಂದದ್ದಿಲ್ಲ.

ಊಟಕ್ಕೆ ಕುಳಿತ ಮೇಲೆ ಯಾರಾದರೂ ಬಂದು ಕೇಳುತ್ತಾರೆಂದು ಕಾಯುತ್ತ ಕೂರಬೇಡಿ. ಹೆಚ್ಚಿನ ಹಳ್ಳಿಯ ಪಬ್ಬುಗಳಲ್ಲಿ ಮೇಜಿನ ಸಂಖ್ಯೆ ನೋಡಿಕೊಂಡು ಕೌಂಟರಿಗೆ ಹೋಗಿ ಹೇಳಿ ಬರಬೇಕು. ತಿನಿಸು ಮೇಜಿಗೆ ಬರುತ್ತದೆ, ಪಾನೀಯವನ್ನು ನೀವೇ ಒಯ್ಯಬೇಕು. ಕೌಂಟರಿನ ಮುಂದೆ ಸಾಲು ಕಾಣಿಸುವುದಿಲ್ಲ, ಆದರೆ ಸರದಿ ಇದ್ದೇ ಇರುತ್ತದೆ. ಯಾರು ಮೊದಲು ಬಂದರೆಂಬುದು ಬಡಿಸುವವರಿಗೂ ನಿಂತವರಿಗೂ ತಿಳಿದಿರುತ್ತದೆ. ನೋಟು ಬೀಸುವುದು, ಕೂಗಿ ಕರೆಯುವುದು ಒರಟುತನ. ನಿಮ್ಮನ್ನು ಮೊದಲು ಕೇಳಿದಾಗ ಪಕ್ಕದವರು ಮುಂಚೆ ಬಂದವರೆಂದು ನೀವೇ ಹೇಳಿದರೆ, ಆ ಒಂದು ಮಾತಿನಿಂದಲೇ ಊರವರ ವಿಶ್ವಾಸ ಸಿಗುತ್ತದೆ. ಖರ್ಚನ್ನು ಕೋಣೆಯ ಲೆಕ್ಕಕ್ಕೆ ಬರೆಸಬಹುದೇ ಎಂದು ಆಗಲೇ ವಿಚಾರಿಸಿಕೊಳ್ಳಿ.

ಮದ್ಯ ಕುಡಿಯದವರು ಸಂಕೋಚಪಡಬೇಕಾದ್ದೇ ಇಲ್ಲ. ನಿಂಬೆಯ ಸಿರಪ್ ಬೆರೆಸಿದ ಸೋಡ, ಶುಂಠಿ ಬಿಯರ್ ಎಂಬ ಹೆಸರಿನ ತಂಪು ಪಾನೀಯ ಸುಲಭವಾಗಿ ಸಿಗುತ್ತವೆ; ಕೇಳಿದವರಿಗೆ ನಲ್ಲಿಯ ನೀರನ್ನು ಪುಕ್ಕಟೆ ಕೊಡಬೇಕೆಂಬುದು ಪರವಾನಗಿಯ ಷರತ್ತೇ ಆಗಿದೆ. ಕುಡಿಯುವವರು ಕೈಪಂಪಿನಿಂದ ಎಳೆಯುವ ಏಲ್ ಎಂಬ ಬಗೆಯ ಬಿಯರನ್ನು ನೋಡಬೇಕು. ಬಡಿಸುವವರು ಉದ್ದ ಹಿಡಿಯನ್ನು ನಿಧಾನವಾಗಿ ತಮ್ಮತ್ತ ಎಳೆದಂತೆ ನೆಲಮಾಳಿಗೆಯ ಪೀಪಾಯಿಯಿಂದ ಕಂದು ದ್ರವ ಏರಿ ಬಂದು, ಲೋಟದಲ್ಲಿ ಮಸುಕಾಗಿ ಸುತ್ತಿ, ತಳದಿಂದ ಮೇಲಕ್ಕೆ ತಿಳಿಯಾಗುತ್ತದೆ. ಅದು ನೆಲಮಾಳಿಗೆಯಷ್ಟೇ ತಂಪಾಗಿರುವುದು, ಎಂದರೆ ಸುಮಾರು 12 ಡಿಗ್ರಿ ಸೆಲ್ಸಿಯಸ್, ದೋಷವಲ್ಲ. ಒಂದು ಪೈಂಟ್ ಎಂದರೆ 568 ಮಿಲಿಲೀಟರ್; ರುಚಿ ನೋಡಲು ಅರ್ಧ ಪೈಂಟ್ ಸಾಕು. ಪಟ್ಟಿಯಲ್ಲಿ ಕಾಣುವ ಐಪಿಎ (ಇಂಡಿಯಾ ಪೇಲ್ ಏಲ್) ಎಂಬುದರಲ್ಲಿನ ‘ಐ’ ನಮ್ಮ ದೇಶವೇ: ಹಿಂದೆ ಇಂಗ್ಲೆಂಡಿನಿಂದ ಇಂಡಿಯಾಕ್ಕೆ ಹಡಗಿನಲ್ಲಿ ಬರುತ್ತಿದ್ದ ಬಿಯರಿನಿಂದ ಆ ಹೆಸರು ಬಂತು.

ಸಸ್ಯಾಹಾರಿಗಳು ಹೆಚ್ಚು ಎಚ್ಚರದಿಂದಿರಬೇಕು. ಪಟ್ಟಿಯಲ್ಲಿ ‘ವಿ’ ಎಂಬ ಗುರುತು ಮಾಂಸ, ಮೀನು ಇಲ್ಲವೆನ್ನುತ್ತದೆ, ಮೊಟ್ಟೆ ಇಲ್ಲವೆನ್ನುವುದಿಲ್ಲ. ಯಾರ್ಕ್‌ಷೈರ್ ಪುಡಿಂಗ್ ಸಿಹಿಯಲ್ಲ. ಮೈದಾ, ಮೊಟ್ಟೆ, ಹಾಲಿನ ಹಿಟ್ಟನ್ನು ಕಾದ ಕೊಬ್ಬಿನಲ್ಲಿ ಬೇಯಿಸಿದ ತಿನಿಸು, ಆ ಕೊಬ್ಬು ಹಲವು ಕಡೆ ದನದ್ದು. ಊಟದ ಜೊತೆ ಬರುವ ಚಿಪ್ಸ್, ಎಂದರೆ ಫ್ರೆಂಚ್ ಫ್ರೈಸಿನಂಥ ದಪ್ಪ ತುಂಡುಗಳು, ಬರಿಯ ಆಲೂಗಡ್ಡೆ ಎಂದು ನೆಮ್ಮದಿಯಾಗಿರುವಂತಿಲ್ಲ: ಅದನ್ನು ಮೀನು ಕರಿದ ಎಣ್ಣೆಯಲ್ಲೇ ಕರಿಯುವುದುಂಟು, ಯಾರ್ಕ್‌ಷೈರಿನ ಕಡೆ ದನದ ಕೊಬ್ಬಿನಲ್ಲಿ ಕರಿಯುವ ಪದ್ಧತಿಯೂ ಇದೆ. ಹುರಿದ ಆಲೂಗಡ್ಡೆಗೆ ಬಾತುಕೋಳಿಯ ಕೊಬ್ಬು, ತರಕಾರಿ ಸೂಪಿಗೆ ಕೋಳಿಯ ಸಾರು, ಕೆಲವು ಪುಡಿಂಗುಗಳಿಗೆ ಸೂಯೆಟ್ ಎಂಬ ಮಾಂಸದ ಕೊಬ್ಬು ಸೇರಿರಬಹುದು. ವೂಸ್ಟರ್‌ಷೈರ್ ಸಾಸಿನಲ್ಲಿ ಸಣ್ಣ ಮೀನಿರುತ್ತದೆ, ಪಾರ್ಮೆಸಾನ್ ಚೀಸಿಗೆ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಎಂಬ ವಸ್ತುವನ್ನು ಬಳಸುತ್ತಾರೆ. ಆದ್ದರಿಂದ ‘ನಾನು ವೆಜಿಟೇರಿಯನ್’ ಎಂದಷ್ಟೇ ಹೇಳಿ ಬಿಡದೆ, ಎಣ್ಣೆ ಬೇರೆಯೇ, ಗ್ರೇವಿ ಯಾವುದರದು ಎಂದು ಬಿಡಿಸಿ ಕೇಳಿ. ಮೊಟ್ಟೆ, ಹಾಲು, ಮೀನು, ಎಳ್ಳು ಸೇರಿದಂತೆ 14 ಅಲರ್ಜಿಕಾರಕಗಳ ಮಾಹಿತಿ ಕೊಡುವುದು ಅವರಿಗೆ ಕಾನೂನಿನ ಕರ್ತವ್ಯವಾದ್ದರಿಂದ, ಅಂಥ ಪ್ರಶ್ನೆ ಅವರಿಗೆ ಹೊಸದಲ್ಲ. ನಮ್ಮ ಮನೆಯವರಿಗೆ ಹಿಡಿಸಿದ್ದು ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆಯ ಮೇಲೆ ಬೆಣ್ಣೆ, ಬೀನ್ಸ್ (ತರಕಾರಿಯಲ್ಲ, ಟೊಮೆಟೊ ಸಾಸಿನಲ್ಲಿ ಬೆಂದ ಕಾಳು). ಮಧ್ಯಾಹ್ನವಾದರೆ ಬ್ರೆಡ್ಡು, ಚೆಡ್ಡರ್ ಚೀಸು, ವಿನೆಗರಿನಲ್ಲಿ ನೆನೆಸಿದ ಈರುಳ್ಳಿ ಇರುವ ಪ್ಲೌಮನ್ಸ್ ಲಂಚ್. ಮೊಟ್ಟೆ ತಿನ್ನುವವರು ಖರ್ಜೂರದ ಸ್ಟಿಕಿ ಟಾಫಿ ಪುಡಿಂಗನ್ನು ಬಿಡಬಾರದು.

ಕೌಂಟರಿನಲ್ಲಿ ಕೊಂಡ ಪಾನೀಯಕ್ಕೆ ಟಿಪ್ಸ್ ಕೊಡುವ ರೂಢಿಯಿಲ್ಲ. ಮೇಜಿನ ಬಳಿಯೇ ಬಂದು ಬಡಿಸಿದ್ದರೆ ಶೇಕಡಾ ಹತ್ತರಷ್ಟು ಕೊಡಬಹುದು, ಬಿಲ್ಲಿನಲ್ಲಿ ಸೇವಾಶುಲ್ಕ ಸೇರಿದೆಯೇ ಎಂದು ಮೊದಲು ನೋಡಿ. ಖಾಲಿ ಲೋಟಗಳನ್ನು ಕೌಂಟರಿಗೆ ತಂದಿಡುವುದು ಮೆಚ್ಚುಗೆಯ ಕೆಲಸ.

ರಾತ್ರಿ ಕೊನೆಯ ಆರ್ಡರಿಗೆ ಗಂಟೆ ಬಾರಿಸುತ್ತಾರೆ. ಆಮೇಲೆ ಮುಂಬಾಗಿಲಿಗೆ ಬೀಗ ಬಿದ್ದು, ಮನೆಯವರು ಮಲಗಲು ಹೋಗುತ್ತಾರೆ. ಪಕ್ಕದ ಬಾಗಿಲಿನ ಕೀಲಿ ಅಥವಾ ಸಂಕೇತ ಸಂಖ್ಯೆಯನ್ನೂ, ತುರ್ತಿಗೆ ಕರೆಯಬೇಕಾದ ಫೋನ್ ಸಂಖ್ಯೆಯನ್ನೂ ಅದಕ್ಕೆ ಮುಂಚೆಯೇ ಬರೆದಿಟ್ಟುಕೊಳ್ಳಿ. ಬೆಳಗಿನ ತಿಂಡಿಯನ್ನೂ ರಾತ್ರಿಯೇ ಹೇಳಿಡಬೇಕು. ಇಂಗ್ಲಿಷ್ ತಿಂಡಿಯ ತಟ್ಟೆಯಲ್ಲಿ ಬೇಕನ್, ಸಾಸೇಜ್, ಮೊಟ್ಟೆಯ ಜೊತೆಗೆ ಕಪ್ಪು ಬಿಲ್ಲೆಯಂಥದ್ದೊಂದು ಇದ್ದರೆ ಅದು ಬ್ಲ್ಯಾಕ್ ಪುಡಿಂಗ್, ಹಂದಿಯ ರಕ್ತದಿಂದ ಮಾಡಿದ್ದು. ಸಸ್ಯಾಹಾರದ ತಟ್ಟೆ ಬೇಕೆಂದಾಗ ಅಣಬೆ, ಟೊಮೆಟೊ, ಬೀನ್ಸ್‌ಗಳನ್ನು ಬೇರೆ ಬಾಣಲೆಯಲ್ಲಿ ಮಾಡಿ ಎಂದು ಸೇರಿಸಿ ಹೇಳಿ. ಗಂಜಿಯಂಥ ಓಟ್ಸ್ ಕೇಳಿದರೆ ಹಿರಿಯರ ಹೊಟ್ಟೆಗೂ ಹಿತ.

ಕಾರು ಓಡಿಸುವವರು ಮರುದಿನದ ಬೆಳಗನ್ನು ಹಿಂದಿನ ರಾತ್ರಿಯೇ ಯೋಚಿಸಬೇಕು. ಕುಡಿದದ್ದು ನಿದ್ದೆ ಮಾಡಿದೊಡನೆ ಇಳಿಯುವುದಿಲ್ಲ. ಇಂಗ್ಲೆಂಡಿನಲ್ಲಿ 1967ರ ಕಾನೂನು ಗೊತ್ತುಪಡಿಸಿದ್ದು 100 ಮಿಲಿಲೀಟರ್ ರಕ್ತಕ್ಕೆ 80 ಮಿಲಿಗ್ರಾಂ ಆಲ್ಕೋಹಾಲಿನ ಮಿತಿ. ಸ್ಕಾಟ್ಲೆಂಡ್ 2014ರ ಡಿಸೆಂಬರಿನಲ್ಲಿ ಅದನ್ನು 50ಕ್ಕೆ ಇಳಿಸಿತು. ಗಡಿ ದಾಟಿ ಉತ್ತರಕ್ಕೆ ಹೋಗುವವರಿದ್ದರೆ ಓಡಿಸುವವರು ಆ ಸಂಜೆ ನಿಂಬೆ ಸೋಡವನ್ನೇ ಕುಡಿಯಲಿ.